ಧುಣೀ-ಭಾಂಡಿಯವರ ಸಿಸ್ಟರ್

ಮುಂಬೈಯ ಹೌಸಿಂಗ್ ಸೊಸೈಟಿಗಳಲ್ಲಿ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಹರಡುವ ಅತಿ ಕೆಟ್ಟ ಸುದ್ದಿ, 'ಇವತ್ತು ಬಾಯಿ ಬಂದಿಲ್ಲ'. ಲೋಕಲ್ ಟ್ರೇನು ತಡವಾದರೆ ಈ ಊರು ಸಹಿಸಿಕೊಳ್ಳುತ್ತದೆ. ನಲ್ಲಿ ನಿಂತರೆ ಟ್ಯಾಂಕರ್ ತರಿಸುತ್ತದೆ. ಮನೆಗೆಲಸದ ಬಾಯಿ ಖಾಡಾ ಮಾಡಿದಳೋ, ಅಂದರೆ ಬರದೆ ಉಳಿದಳೋ, ಗಂಡ ಹೆಂಡಿರ ನಡುವೆ ಮಾತು ಬೆಳೆದು, ಆಫೀಸಿಗೆ ಫೋನು ಹೋಗಿ, ಮಧ್ಯಾಹ್ನದ ಹೊತ್ತಿಗೆ 'ಬದ್ಲಿ' ಯಾರಾದರೂ ಸಿಗುತ್ತಾರೆಯೇ ಎಂದು ವಾಚ್‌ಮನ್‌ನನ್ನು ಕೇಳುವವರೆಗೆ ಬರುತ್ತದೆ. ಇಷ್ಟು ಮುಖ್ಯಳಾದ ಆ ಹೆಂಗಸಿನ ಪೂರ್ತಿ ಹೆಸರು ಮಾತ್ರ ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಆ ಹೆಸರು ಕೇಳಿ ಬರೆದಿಟ್ಟುಕೊಂಡವರು ಬೆಲ್ಜಿಯಂನಿಂದ ಬಂದ ಒಬ್ಬ ಕ್ಯಾಥೋಲಿಕ್ ಸಿಸ್ಟರ್. ಜೀನ್ ಡೆವೋಸ್ ಹುಟ್ಟಿದ್ದು 1935ರಲ್ಲಿ, ಭಾರತಕ್ಕೆ ಬಂದದ್ದು 1963ರಲ್ಲಿ. ಅವರು ಸೇರಿದ್ದ ಐಸಿಎಂ ಎಂಬ ಸನ್ಯಾಸಿನಿಯರ ಸಭೆ ಹೆಸರಿಗೆ ಬೆಲ್ಜಿಯಂನದು. ಅದರ ಮೊದಲ ಬೇರು ನಮ್ಮ ನೆಲದಲ್ಲೇ ಇದೆ. ಮರೀ ಲೂಯಿ ಡಿ ಮೀಸ್ಟರ್ ಎಂಬ ಸನ್ಯಾಸಿನಿ 1897ರಲ್ಲಿ ಕನ್ಯಾಕುಮಾರಿಯ ಹತ್ತಿರದ ಮುಳಗುಮೂಡು ಎಂಬ ಹಳ್ಳಿಯಲ್ಲಿ ಅನಾಥ ಮಕ್ಕಳನ್ನು ಸಾಕುತ್ತಾ ಅದನ್ನು ಕಟ್ಟಿದರು. ಜೀನ್ ಅವರೂ ಮೊದಲು ಕೆಲಸ ಮಾಡಿದ್ದು ತಮಿಳುನಾಡಿನಲ್ಲೇ. ಮನೆಗೆಲಸದ ಹೆಣ್ಣುಮಕ್ಕಳ ಸಣ್ಣ ಸಣ್ಣ ಗುಂಪುಗಳನ್ನು ಅಲ್ಲಿ ಕೂಡಿಸುತ್ತಿದ್ದ ಆ ಕೆಲಸ 1985ರಲ್ಲಿ ಮುಂಬೈಯಲ್ಲಿ ರಾಷ್ಟ್ರೀಯ ಮನೆಗೆಲಸಗಾರರ ಚಳವಳಿಯಾಯಿತು. ಹಿಂದಿ, ಮರಾಠಿ, ಇಂಗ್ಲಿಷ್ ಕಲಸಿ ಮಾತಾಡುವ ಈ ಊರಿನಲ್ಲಿ ಆಮೇಲೆ ಎಲ್ಲರಿಗೂ ಅವರು ಬರೀ 'ಸಿಸ್ಟರ್'.

ಮುಂಬೈಗೆ ಕ್ಯಾಥೋಲಿಕ್ ಸೇವಾಸಂಸ್ಥೆಗಳು ಹೊಸತೇನಲ್ಲ. ಬಾಂದ್ರಾ, ಮಾಹಿಮ್, ಮಝಗಾಂವ್, ಅಂಧೇರಿ ಎಲ್ಲಿ ಹೋದರೂ ಒಂದು ಚರ್ಚು, ಅದರ ಬದಿಗೆ ಶಾಲೆ, ಅದರಾಚೆ ಒಂದು ಆಸ್ಪತ್ರೆಯೋ ಆಶ್ರಮವೋ ಕಾಣುತ್ತದೆ. ಮನೆ ಬಿಟ್ಟು ರೈಲು ಹತ್ತಿ ಬಂದು ಪ್ಲಾಟ್‌ಫಾರ್ಮಿನಲ್ಲಿ ಇಳಿಯುವ ಹುಡುಗರಿಗಾಗಿ ಜೆಸುಇಟ್ ಪಾದ್ರಿಗಳು 1962ರಲ್ಲಿ ಸ್ನೇಹಸದನ ಶುರುಮಾಡಿದರು. ದೊಡ್ಡ ಹಾಸ್ಟೆಲ್ ಕಟ್ಟುವ ಬದಲು ಸಣ್ಣ ಸಣ್ಣ ಮನೆ ಮಾಡಿ, ಅಪ್ಪ ಅಮ್ಮನ ಹಾಗೆ ನೋಡಿಕೊಳ್ಳುವವರ ಕೈಗೆ ಮಕ್ಕಳನ್ನು ಒಪ್ಪಿಸಿದ್ದು ಅದರ ಜಾಣತನ. ಭಾಯಖಳಾದಲ್ಲಿ ಹಿಂದುಸ್ತಾನ್ ಲಿವರ್ ಕಂಪನಿಯ ಜಾಗದಲ್ಲಿ ಮದರ್ ತೆರೇಸಾ ಅವರ ಸಿಸ್ಟರ್‌ಗಳು 1976ರಿಂದ ಆಶಾದಾನ್ ನಡೆಸುತ್ತಿದ್ದಾರೆ. ಯಾರೂ ಬೇಡವೆಂದ ಮಕ್ಕಳು, ರೋಗಿಗಳು, ಮುದುಕರು ಅಲ್ಲಿದ್ದಾರೆ. ಬೀದಿಯ ಹುಡುಗರಿಗೆಂದು ಡಾನ್ ಬಾಸ್ಕೋದವರ ಶೆಲ್ಟರ್ ಮಾಟುಂಗಾ-ವಡಾಲಾ ಬಳಿ 1987ರಲ್ಲಿ ಬಂತು. ಪ್ಯಾರಿಸ್ಸಿನಲ್ಲಿ 1833ರಲ್ಲಿ ಹುಟ್ಟಿದ ಸೇಂಟ್ ವಿನ್ಸೆಂಟ್ ಡಿ ಪಾಲ್ ಸಭೆಯ ಸ್ವಯಂಸೇವಕರು ಚರ್ಚುಗಳ ಮಟ್ಟದಲ್ಲಿ ಬಡವರ ಮನೆಗೇ ಹೋಗಿ ಅಕ್ಕಿ, ಔಷಧಿ, ಶಾಲೆಯ ಫೀಸು ನೋಡಿಕೊಳ್ಳುವ ಪದ್ಧತಿ ಇದಕ್ಕೆಲ್ಲ ಹಿಂದಿನದು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಇವುಗಳ ಮೂಲ ಒಂದೇ: ಇರುವವರು ಇಲ್ಲದವರಿಗೆ ಕೊಡುವುದು. ಸಿಸ್ಟರ್ ಜೀನ್ ಒಗ್ಗೂಡಿಸಿದ ಹೆಂಗಸರಿಗೆ ದಾನದ ಅಗತ್ಯ ಇರಲಿಲ್ಲ. ಅವರು ದುಡಿಯುತ್ತಿದ್ದರು, ಬೇಕಾದಷ್ಟು ದುಡಿಯುತ್ತಿದ್ದರು. ಬೇಕಾಗಿದ್ದದ್ದು ಪಗಾರ, ರಜೆ, ಮತ್ತು 'ಕದ್ದವಳು ನೀನೇ' ಎಂದಾಗ ಪಕ್ಕದಲ್ಲಿ ನಿಲ್ಲುವ ಒಬ್ಬರು.

ನಮ್ಮ ಮುಂಬೈ ಕನ್ನಡಿಗರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗಬೇಕು. ಕರಾವಳಿಯಿಂದ ಹನ್ನೆರಡು ಹದಿಮೂರರ ವಯಸ್ಸಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ಕನ್ನಡದ ರಾತ್ರಿ ಶಾಲೆಗಳಿದ್ದವು. ಜಾತಿ ಸಂಘಗಳು, ಊರಿನ ಮಂಡಳಿಗಳು ಅವುಗಳನ್ನು ನಡೆಸಿದವು. ಹಗಲು ಟೇಬಲ್ ಒರೆಸಿ ರಾತ್ರಿ ಎಸ್ಸೆಸ್ಸಿ ಪಾಸಾದವರು ಮುಂದೆ ಬ್ಯಾಂಕು ಸೇರಿದರು, ಹೋಟೆಲಿನ ಮಾಲೀಕರೂ ಆದರು, ಕವಿಗಳೂ ಆದರು. ಅದೇ ಕಾಲಕ್ಕೆ ಯಾರದೋ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮಲಗಿ ಏಳುತ್ತಿದ್ದ ಹುಡುಗಿಯರಿಗೆ ಯಾವ ಸಂಘವೂ ಇರಲಿಲ್ಲ. ಹೋಟೆಲಿಗೆ ಬೋರ್ಡು ಇದೆ, ಗಲ್ಲಾ ಇದೆ, ಬಂದು ನೋಡುವ ಇನ್‌ಸ್ಪೆಕ್ಟರ್ ಇದ್ದಾನೆ. ಮನೆಗೆ ಬಾಗಿಲು ಮಾತ್ರ ಇದೆ. ಆ ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆಯುವುದು ಕೆಲಸವೋ ಗುಲಾಮಗಿರಿಯೋ ಎಂದು ಕೇಳಲು ಸರ್ಕಾರಕ್ಕೂ ಮನಸ್ಸಿಲ್ಲ, ನೆರೆಯವರಿಗಂತೂ ಮೊದಲೇ ಇಲ್ಲ.

ಚಳವಳಿಯ ಕೆಲಸದ ರೀತಿ ಮೇಲಿಂದ ನೋಡಿದರೆ ತೀರಾ ಸಾಧಾರಣ. ಒಂದು ವಸ್ತಿಯ ಹತ್ತಿಪ್ಪತ್ತು ಹೆಂಗಸರು ಮಧ್ಯಾಹ್ನದ ಬಿಡುವಿನಲ್ಲಿ ಸೇರುತ್ತಾರೆ. ಮಧ್ಯಾಹ್ನವೇ ಏಕೆಂದರೆ ಬೆಳಗಿನ ಧುಣೀ-ಭಾಂಡಿ, ಅಂದರೆ ಬಟ್ಟೆ ಪಾತ್ರೆ, ಮುಗಿದು ಸಂಜೆಯ ಚಪಾತಿ ಕೆಲಸ ಶುರುವಾಗುವ ನಡುವೆ ಸಿಗುವುದು ಅಷ್ಟೇ ಹೊತ್ತು. ಯಾವ ಕಟ್ಟಡದಲ್ಲಿ ಒಂದು 'ಕಾಮ್'ಗೆ ಎಷ್ಟು ಕೊಡುತ್ತಾರೆ, ಯಾರ ಮನೆಯಲ್ಲಿ ದೀಪಾವಳಿ ಬೋನಸ್ ಕೊಟ್ಟಿಲ್ಲ, ಯಾರು ಖಾಡಾ ಹಿಡಿದು ಪಗಾರ ಕತ್ತರಿಸಿದರು, ಯಾವ ಸಾಹೇಬನ ಮನೆಗೆ ಒಬ್ಬಳೇ ಹೋಗಬಾರದು ಎಲ್ಲವೂ ಅಲ್ಲಿ ಮಾತಿಗೆ ಬರುತ್ತದೆ. ಇದರಲ್ಲಿ ಕ್ಯಾಥೋಲಿಕ್ ಲೋಕದ ಒಂದು ಹಳೆಯ ಪಾಠವೂ ಅಡಗಿದೆ. ಬೆಲ್ಜಿಯಂನವರೇ ಆದ ಜೋಸೆಫ್ ಕಾರ್ಡೈನ್ ಎಂಬ ಪಾದ್ರಿ 1920ರ ದಶಕದಲ್ಲಿ ಕಾರ್ಖಾನೆಯ ಹುಡುಗ ಹುಡುಗಿಯರನ್ನು ಕೂಡಿಸಿ, ಮೊದಲು ಕಣ್ಣಾರೆ ನೋಡಿ, ಆಮೇಲೆ ಸರಿಯೋ ತಪ್ಪೋ ತೂಗಿ, ಆಮೇಲೆ ಏನಾದರೂ ಮಾಡಿ ಎಂದು ಕಲಿಸಿದರು. ಬೋಧನೆ ಕಡಿಮೆ, ಲೆಕ್ಕಾಚಾರ ಹೆಚ್ಚು. ಅದು ಕ್ಯಾಥೋಲಿಕ್ ಯುವಜನ ಸಂಘಟನೆಗಳ ಮೂಲಕ ಜಗತ್ತಿನ ತುಂಬ ಹರಡಿತು. ಪಾತ್ರೆ ತೊಳೆಯುವವರ ಗುಂಪಿಗೆ ಇದಕ್ಕಿಂತ ಒಗ್ಗುವ ಪಾಠ ಬೇರೆ ಸಿಗಲಾರದು.

ಚರ್ಚಿಗೆ ಮನೆಗೆಲಸದವರ ನೆನಪು ಹಿಂದೆ ಇರಲೇ ಇಲ್ಲ ಎನ್ನುವಂತಿಲ್ಲ. ಅವರಿಗೆಂದೇ ಒಬ್ಬ ಸಂತರಿದ್ದಾರೆ, ಇಟಲಿಯ ಲುಕ್ಕಾ ಪಟ್ಟಣದ ಸಂತ ಝೀಟಾ. 1272ರಲ್ಲಿ ತೀರಿಕೊಳ್ಳುವವರೆಗೆ ಒಂದೇ ಮನೆಯಲ್ಲಿ ಸುಮಾರು ಐವತ್ತು ವರ್ಷ ದುಡಿದ ಆಕೆಯನ್ನು ತಾಳ್ಮೆಗಾಗಿ, ವಿಧೇಯತೆಗಾಗಿ ಹೊಗಳುತ್ತಾರೆ. ಮುಂಬೈಯ ಹೆಂಗಸರಲ್ಲಿ ತಾಳ್ಮೆಗೆ ಕೊರತೆ ಯಾವತ್ತೂ ಇರಲಿಲ್ಲ. ಅವರಿಗೆ ಸಿಸ್ಟರ್ ಹೇಳಿಕೊಟ್ಟದ್ದು ಕೇಳುವುದನ್ನು.

ಹಾಗೆ ಕೇಳಿದವರಲ್ಲಿ ಇವರೇ ಮೊದಲಿಗರೇನೂ ಅಲ್ಲ. ಮನೆಗೆಲಸದವರ ಕೆಲಸದ ಷರತ್ತುಗಳ ಬಗ್ಗೆ 1959ರಲ್ಲೇ ರಾಜ್ಯಸಭೆಗೆ ಒಂದು ಖಾಸಗಿ ಮಸೂದೆ ಬಂದಿತ್ತು, ಕಾಯಿದೆಯಾಗಲಿಲ್ಲ. ಪುಣೆಯಲ್ಲಿ 1980ರಲ್ಲಿ ಮನೆಗೆಲಸದ ಹೆಂಗಸರು ಯಾರೂ ಹೇಳಿಕೊಡದೆ ಮುಷ್ಕರ ಹೂಡಿ ತಮ್ಮದೇ ಮೋಲಕರಿಣ್ ಸಂಘಟನೆ ಕಟ್ಟಿಕೊಂಡರು. ಬೆಂಗಳೂರಿನಲ್ಲೂ ಆ ದಶಕದಲ್ಲೇ ಸಂಘಟನೆಯ ಪ್ರಯತ್ನಗಳಾದವು. ಇವೆಲ್ಲ ತಮ್ಮ ತಮ್ಮ ಊರಿನ ಹೋರಾಟಗಳು. ಸಿಸ್ಟರ್‌ಗಳ ಜಾಲದ ಅನುಕೂಲ ಬೇರೆ: ದೇಶದ ಯಾವ ಮೂಲೆಗೆ ಹೋದರೂ ಒಂದು ಕಾನ್ವೆಂಟ್ ಇದೆ. ಝಾರ್ಖಂಡ್, ಛತ್ತೀಸಗಢದ ಕಾಡಿನಿಂದ ಏಜೆಂಟನೊಬ್ಬ ಹುಡುಗಿಯನ್ನು ಮುಂಬೈಗೆ ತಂದು ಮನೆಯೊಂದಕ್ಕೆ ಒಪ್ಪಿಸಿದರೆ, ಅವಳ ಊರಿನಲ್ಲೂ ವಿಚಾರಿಸುವವರು ಇರುತ್ತಾರೆ, ಇಲ್ಲೂ ಇರುತ್ತಾರೆ. ಒಂದು ಊರಿನ ಯೂನಿಯನ್ನಿಗೆ ಇದು ಸುಲಭಕ್ಕೆ ಸಾಧ್ಯವಾಗುವ ಕೆಲಸವಲ್ಲ.

ಕಾನೂನಿನ ದಾರಿ ನಿಧಾನವಾಗಿ ತೆರೆಯಿತು, ಅದೂ ಅರ್ಧರ್ಧ. ಇಲ್ಲಿ ಕರ್ನಾಟಕದ ಹೆಸರು ಹೇಳಲೇಬೇಕು. ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿ 2004ರಲ್ಲಿ ದರ ಪ್ರಕಟಿಸಿದ ನಮ್ಮ ರಾಜ್ಯ ದೇಶದಲ್ಲಿ ಮುಂಚೂಣಿಯಲ್ಲಿತ್ತು. ಎಷ್ಟು ಮನೆಗಳಲ್ಲಿ ಆ ದರ ಕೊಟ್ಟರು ಎಂದು ಕೇಳಿದರೆ ಬೆಂಗಳೂರಿನವರು ಮಾತು ಬದಲಿಸುತ್ತಾರೆ. ಆದರೂ ಸರ್ಕಾರದ ಕಾಗದದಲ್ಲಿ ಪಾತ್ರೆ ತೊಳೆಯುವುದಕ್ಕೆ ಒಂದು ಬೆಲೆ ಬರೆದದ್ದು ಸಣ್ಣ ಸಂಗತಿಯಲ್ಲ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೆ, ಹೋಟೆಲ್ ಢಾಬಾಗಳಿಗೆ ಇಟ್ಟುಕೊಳ್ಳುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಮಹಾರಾಷ್ಟ್ರ ಹಿಡಿದದ್ದು ಇನ್ನೊಂದು ದಾರಿ. 2008ರಲ್ಲಿ ಮನೆಗೆಲಸಗಾರರ ಕಲ್ಯಾಣ ಮಂಡಳಿಯ ಕಾಯಿದೆ ಮಾಡಿತು. ನೋಂದಾಯಿಸಿಕೊಂಡು ಐವತ್ತೈದು ತುಂಬಿದವರಿಗೆ ಸನ್ಮಾನ ಧನವೆಂದು ಒಮ್ಮೆ ಹತ್ತು ಸಾವಿರ ರೂಪಾಯಿ ಕೊಡುವ ಯೋಜನೆ ಬಂತು. ಜೀವಮಾನವೆಲ್ಲ ಪರರ ನೆಲ ಒರೆಸಿದ್ದಕ್ಕೆ ಹತ್ತು ಸಾವಿರ ಎಂದು ನಗುವವರು ನಗಬಹುದು. ನಾಲ್ಕು ಮನೆಯಲ್ಲಿ ದುಡಿದವಳ ಕೈಗೆ ಒಟ್ಟಿಗೆ ಅಷ್ಟು ಹಣ ಬೇರೆಲ್ಲಿಂದಲೂ ಬಂದದ್ದಿಲ್ಲ.

ಹೆಚ್ಚು ತೂಕದ ಗೆಲುವು ಜಿನೀವಾದಲ್ಲಿ ಆಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರ ಜೂನ್ 16ರಂದು ಮನೆಗೆಲಸಗಾರರ 189ನೇ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ವಾರಕ್ಕೊಂದು ಪೂರ್ತಿ ದಿನದ ರಜೆ, ತಿಳಿಯುವ ಭಾಷೆಯಲ್ಲಿ ಕೆಲಸದ ಷರತ್ತು, ಬೇರೆ ಕಾರ್ಮಿಕರಿಗಿರುವಂಥದೇ ರಕ್ಷಣೆ, ಅದರ ಸಾರ ಇಷ್ಟೇ. ಭಾರತ ಸರ್ಕಾರ ಅಲ್ಲಿ ಪರವಾಗಿ ಮತ ಹಾಕಿತು, ಇಲ್ಲಿಗೆ ಬಂದು ಅನುಮೋದಿಸಲಿಲ್ಲ. ಜೂನ್ 16 ಈಗ ಪ್ರಪಂಚದಾದ್ಯಂತ ಮನೆಗೆಲಸಗಾರರ ದಿನ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಲ್ಲಿ ಮನೆಯೂ ಕೆಲಸದ ಜಾಗವೆಂದು ಸೇರಿದ್ದು ಇನ್ನೊಂದು ಹೆಜ್ಜೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸಗಾರರಿಗೆ ಪ್ರತ್ಯೇಕ ಕಾನೂನು ಬೇಕೇ ಎಂದು ಪರಿಶೀಲಿಸಲು ಸಮಿತಿ ಮಾಡುವಂತೆ ಕೇಂದ್ರಕ್ಕೆ ಹೇಳಿತು. 1959ರ ಮಸೂದೆಯಿಂದ ಲೆಕ್ಕ ಹಾಕಿದರೆ ಅರುವತ್ತಾರು ವರ್ಷದ ಮೇಲೆ ಒಂದು ಸಮಿತಿ.

ಕಾಗದದಲ್ಲಿ ಹೆಸರಿರುವುದು ಎಷ್ಟು ಮುಖ್ಯ ಎಂಬುದನ್ನು ಕೊರೊನಾ ತೋರಿಸಿತು. 2020ರ ಮಾರ್ಚ್ ಕೊನೆಗೆ ಸೊಸೈಟಿಗಳ ಗೇಟು ಮುಚ್ಚಿದವು, ಬಾಯಿಯವರು ಹೊರಗೆ ಉಳಿದರು. ಕೆಲವರು ಮನೆಯಲ್ಲೇ ಕೂರಿಸಿ ಪಗಾರ ಕೊಟ್ಟರು, ಬಹಳಷ್ಟು ಮಂದಿ ಫೋನೆತ್ತಲಿಲ್ಲ. ಮರುವರ್ಷದ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ನೋಂದಾಯಿತ ಮನೆಗೆಲಸಗಾರರಿಗೆ 1,500 ರೂಪಾಯಿ ಘೋಷಿಸಿತು. ಇಲ್ಲಿ 'ನೋಂದಾಯಿತ' ಎಂಬ ಷರತ್ತೇ ಎಷ್ಟೋ ಜನರನ್ನು ಆಚೆ ಇಟ್ಟಿತು. ನೋಂದಣಿಗೆ ಗುರುತಿನ ಚೀಟಿ ಬೇಕು, ನವೀಕರಣ ಬೇಕು, ಕೆಲಸ ಕೊಡುವವರು 'ಇವಳು ನಮ್ಮಲ್ಲಿ ದುಡಿಯುತ್ತಾಳೆ' ಎಂದು ಒಪ್ಪಿಕೊಳ್ಳಬೇಕು. ಈ ಕೊನೆಯದು ಎಲ್ಲಕ್ಕಿಂತ ಕಷ್ಟ. ಹತ್ತು ವರ್ಷದಿಂದ ಮನೆಯ ಕೀಲಿಕೈ ಕೊಟ್ಟವರೂ ಸಹಿ ಹಾಕು ಎಂದರೆ ಹಿಂದೆ ಸರಿಯುತ್ತಾರೆ. ಸಹಿ ಹಾಕಿದರೆ ಏನೋ ಗಂಟು ಬೀಳುತ್ತದೆ ಎಂಬ ಭಯ.

ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗುಳೆ ಬಂದವರ ಪಾಡು ಇನ್ನೂ ಒಂದು ಸುತ್ತು ಬಿಗಿ. ಗಂಡ ನಾಕಾದಲ್ಲಿ ನಿಂತು ಗಾರೆ ಕೆಲಸಕ್ಕೆ ಹೋಗುತ್ತಾನೆ, ಹೆಂಡತಿ ಹತ್ತಿರದ ಕಟ್ಟಡದಲ್ಲಿ ನಾಲ್ಕು ಮನೆ ಹಿಡಿಯುತ್ತಾಳೆ. ರೇಷನ್ ಕಾರ್ಡು ಊರಿನದು, ಮತದಾರರ ಪಟ್ಟಿಯೂ ಊರಿನದು, ಮರಾಠಿ ಅಷ್ಟಕ್ಕಷ್ಟೆ. ಅಂಥವಳಿಗೆ ಕಾರ್ಮಿಕ ಇಲಾಖೆಯ ಅರ್ಜಿ ತುಂಬಿಕೊಡುವವರು ಕನ್ನಡ ಬಲ್ಲವರಾಗಿದ್ದರೆ ಅರ್ಧ ಕೆಲಸ ಆದಂತೆ. ಮಂಗಳೂರು ಕಡೆಯ ಸಿಸ್ಟರ್‌ಗಳು ಮುಂಬೈಯ ಶಾಲೆ, ಆಸ್ಪತ್ರೆಗಳಲ್ಲಿ ಮೊದಲಿಂದ ಇದ್ದಾರೆ. ಕೊಂಕಣಿ, ತುಳು, ಕನ್ನಡ ಅವರ ನಾಲಗೆಯ ಮೇಲಿದೆ. ಯಕ್ಷಗಾನಕ್ಕೆ, ಸಮ್ಮಾನಕ್ಕೆ, ಸ್ಮರಣ ಸಂಚಿಕೆಗೆ ಕೈಬಿಚ್ಚುವ ನಮ್ಮ ಸಂಘಗಳು ಈ ಅರ್ಜಿಗಳ ಕೆಲಸಕ್ಕೆ ವಾರಕ್ಕೆ ಒಂದು ಸಂಜೆ ಕೊಟ್ಟರೆ ಯಾವ ಕಲಾಪಕ್ಕೂ ಧಕ್ಕೆಯಾಗದು.

ಸನ್ಯಾಸಿನಿಯರು ನಡೆಸುವ ಕೆಲಸವಾದ್ದರಿಂದ 'ಮತಾಂತರಕ್ಕಾಗಿ' ಎಂಬ ಅನುಮಾನ ಆಗಾಗ ತಲೆ ಎತ್ತುತ್ತದೆ. ಮುಂಬೈಯ ವಸ್ತಿಗಳಲ್ಲಿ ಧುಣೀ-ಭಾಂಡಿ ಮಾಡುವವರಲ್ಲಿ ದಲಿತರು, ಬೌದ್ಧರು, ಮುಸ್ಲಿಮರು, ಹಿಂದೂ ಹಿಂದುಳಿದ ಜಾತಿಯವರು, ಆದಿವಾಸಿಗಳು ಎಲ್ಲರೂ ಇದ್ದಾರೆ. ಅವರ ಸಭೆಯಲ್ಲಿ ಚರ್ಚೆಯಾಗುವುದು ಪಗಾರದ ತಾರೀಖು. ಕೆಲಸಕ್ಕಿಡುವ ಕಡೆಯೂ ಧರ್ಮದ ಭೇದವಿಲ್ಲ. ತಡವಾಗಿ ಪಗಾರ ಕೊಡುವುದರಲ್ಲಿ, ಬೇರೆ ಲೋಟ ಇಡುವುದರಲ್ಲಿ ಕ್ರೈಸ್ತ ಮನೆಗಳೂ ಹಿಂದೆ ಬಿದ್ದಿಲ್ಲ. ಸಿಸ್ಟರ್ ಜೀನ್ ಅವರ ಚಳವಳಿ ತನ್ನ ಚರ್ಚಿನವರಿಗೂ ಮುಜುಗರ ತರುವಂಥ ಪ್ರಶ್ನೆಯನ್ನೇ ಕೇಳುತ್ತದೆ, ಅದರ ಪ್ರಾಮಾಣಿಕತೆಗೆ ಅದೇ ನನಗೆ ಸಾಕ್ಷಿ.

ಈ ಭಾನುವಾರ ಪುರವಣಿ ಓದುತ್ತಿರುವ ನೀವು ಬಹುಶಃ ಒಬ್ಬರಿಗೆ ಕೆಲಸ ಕೊಟ್ಟಿರುವವರೇ. ಕಾನೂನು ಬರಲಿ ಎಂದು ಕಾಯಬೇಕಾಗಿಲ್ಲ. ತಿಂಗಳ ಒಂದೇ ತಾರೀಖಿಗೆ ಪಗಾರ ಕೊಡಿ, ವಾರಕ್ಕೊಂದು ರಜೆ ಕೊಟ್ಟು ಅದಕ್ಕೆ ಪಗಾರ ಕತ್ತರಿಸಬೇಡಿ, ವರ್ಷಕ್ಕೊಮ್ಮೆ ಅವರು ಕೇಳುವ ಮೊದಲೇ ಹೆಚ್ಚಿಸಿ. ಮತ್ತು ಅವರು ಕಲ್ಯಾಣ ಮಂಡಳಿಯ ಅರ್ಜಿ ಹಿಡಿದು ಬಂದರೆ, ಪೆನ್ನು ತಂದು ಸಹಿ ಹಾಕಿಕೊಡಿ.