ಹೊಸ ಜೋಡಿ ಇಂಗ್ಲಿಷ್ ಪಾಠ ಹೇಳಲು ವಿದೇಶಕ್ಕೆ ಹೊರಟರೆ

ಚಳ್ಳಕೆರೆ, ಮೊಳಕಾಲ್ಮುರು ಕಡೆ ಇಂಗ್ಲಿಷ್ ಎಂ.ಎ., ಬಿ.ಇಡಿ. ಮುಗಿಸಿದವರಿಗೆ ಕೊರತೆಯಿಲ್ಲ. ಖಾಸಗಿ ಶಾಲೆಯ ಸಂಬಳದಲ್ಲಿ ಸಂಸಾರ ಹೂಡುವುದು ಕಷ್ಟವೆಂದು, ಮದುವೆಯಾದ ಹೊಸತರಲ್ಲೇ ಗಂಡ ಹೆಂಡತಿ ಇಬ್ಬರೂ ವಿದೇಶದ ಶಾಲೆಗೆ ಹೊರಡುವ ಯೋಚನೆ ಮಾಡಿದರೆ ಅದು ಖಂಡಿತ ಆಗುವ ಕೆಲಸ. ಆದರೆ ಎಲ್ಲ ದೇಶಗಳಲ್ಲೂ ಅಲ್ಲ. ದಕ್ಷಿಣ ಕೊರಿಯಾ ತನ್ನ ಇಂಗ್ಲಿಷ್ ಬೋಧಕರ ವೀಸಾವನ್ನು ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದವರಿಗೇ ಕೊಡುತ್ತದೆ. ನಮ್ಮವರಿಗೆ ನಿಜವಾಗಿ ಕೆಲಸ ಸಿಗುವುದು ಗಲ್ಫ್‌ನ ಸಿ.ಬಿ.ಎಸ್.ಇ. ಶಾಲೆಗಳಲ್ಲಿ, ಮಾಲ್ಡೀವ್ಸ್‌ನಲ್ಲಿ. ಅಲ್ಲಿ ಬಿ.ಇಡಿ.ಗೂ ಅನುಭವಕ್ಕೂ ಬೆಲೆ. ಇಂಗ್ಲಿಷ್ ಬೋಧನೆಯ ಆನ್‌ಲೈನ್ ಕೋರ್ಸಿಗೆ ದುಡ್ಡು ಸುರಿಯುವ ಮುನ್ನ ಊರಿನ ಶಾಲೆಯಲ್ಲೇ ಎರಡು ವರ್ಷ ಪಾಠ ಮಾಡಿ, ಅನುಭವ ಪತ್ರ ಪಡೆಯುವುದು ಮೇಲು.

ಇನ್ನು ಹೆಸರಿನ ತಾಪತ್ರಯ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಪಿ. ಓಬಳೇಶ’ ಎಂದಿರುತ್ತದೆ, ಆಧಾರ್‌ನಲ್ಲಿ ‘ಓಬಳೇಶ್ ಪಿ.’, ಡಿಗ್ರಿ ಸರ್ಟಿಫಿಕೇಟಿನಲ್ಲಿ ಇಂಗ್ಲಿಷ್ ಸ್ಪೆಲಿಂಗೇ ಬೇರೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಆ ‘ಪಿ’ ಅಪ್ಪನ ಹೆಸರೋ ಊರಿನ ಹೆಸರೋ ಎಂದು ಆಗಲೇ ತೀರ್ಮಾನಿಸಿ, ಎಲ್ಲ ಕಡೆ ಅದನ್ನೇ ಉಳಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಒಂದು ಮಾತು: ಮದುವೆಯಾಯಿತೆಂದು ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಲು ಓಡಬೇಡಿ. ನಿಮ್ಮ ಪದವಿ ಇರುವುದು ತವರಿನ ಹೆಸರಿನಲ್ಲಿ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲೇಬೇಕೆಂಬ ನಿಯಮವಿಲ್ಲ.

ಮದುವೆ ಎಷ್ಟು ಅದ್ದೂರಿಯಾಗಿ ನಡೆದಿದ್ದರೂ ವೀಸಾ ಅಧಿಕಾರಿಗೆ ಬೇಕಾದ್ದು ನೋಂದಣಿ ಪತ್ರ. ಚಳ್ಳಕೆರೆಯಲ್ಲೂ ಮೊಳಕಾಲ್ಮುರಿನಲ್ಲೂ ಸಬ್ ರಿಜಿಸ್ಟ್ರಾರ್ ಕಚೇರಿ ಇದೆ. ಲಗ್ನಪತ್ರಿಕೆ, ಮದುವೆಯ ಫೋಟೊ, ಇಬ್ಬರ ಆಧಾರ್, ಮೂವರು ಸಾಕ್ಷಿಗಳು ಬೇಕು. ಹಿಂದೂ ವಿವಾಹಗಳಿಗೆ 2024ರಿಂದ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಲಗ್ನಪತ್ರಿಕೆಯಲ್ಲಿ ಅಚ್ಚಾದ ಹೆಸರು ಆಧಾರ್‌ಗೆ ತಾಳೆಯಾದರೆ ಅಲೆದಾಟ ಉಳಿಯುತ್ತದೆ. ಆದ್ದರಿಂದ ಪತ್ರಿಕೆ ಅಚ್ಚಿಗೆ ಕೊಡುವಾಗಲೇ ನೋಡಿಕೊಳ್ಳಿ, ಮನೆಯಲ್ಲಿ ಕರೆಯುವ ಹೆಸರು ಬೇಡ.

ಆಮೇಲೆ ದೃಢೀಕರಣ. ಪದವಿ ಪತ್ರಕ್ಕೆ ರಾಜ್ಯದ ಶಿಕ್ಷಣ ವಿಭಾಗದ ಮುದ್ರೆ, ಮದುವೆ ಪತ್ರಕ್ಕೆ ಗೃಹ ಇಲಾಖೆಯದು. ಬಳಿಕ ಎರಡಕ್ಕೂ ವಿದೇಶಾಂಗ ಸಚಿವಾಲಯದ್ದು. ಅರ್ಜಿ ಬೆಂಗಳೂರಿನಲ್ಲೇ ಕೊಡಬಹುದು, ದೆಹಲಿಗೆ ಹೋಗಬೇಕಿಲ್ಲ. ಒಂದು ದೇಶ ದೃಢೀಕರಿಸಿದ ದಾಖಲೆಯನ್ನು ಉಳಿದ ಸದಸ್ಯ ದೇಶಗಳು ನೇರವಾಗಿ ಒಪ್ಪುವ ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಅದರಲ್ಲಿ ಒಮಾನ್, ಬಹ್ರೇನ್ ಇವೆ, 2022ರಿಂದ ಸೌದಿ ಅರೇಬಿಯಾವೂ ಇದೆ. ಅಲ್ಲಿಗೆ ಅಪೊಸ್ಟಿಲ್ ಚೀಟಿ ಸಾಕು. ಯು.ಎ.ಇ., ಕುವೈತ್ ಅದರಲ್ಲಿಲ್ಲ, ಹಾಗಾಗಿ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಹಂಗಾಮಿ ಪದವಿ ಪತ್ರ ಈ ದಾರಿಯಲ್ಲಿ ಸಾಗುವುದು ಕಷ್ಟ. ದಾವಣಗೆರೆ ವಿಶ್ವವಿದ್ಯಾಲಯದಿಂದ ಘಟಿಕೋತ್ಸವ ಪ್ರಮಾಣಪತ್ರವನ್ನೇ ತರಿಸಿಕೊಳ್ಳಿ. 2009ಕ್ಕೆ ಮೊದಲು ಓದಿದವರು ಕುವೆಂಪು ವಿಶ್ವವಿದ್ಯಾಲಯಕ್ಕೆ ಬರೆಯಬೇಕಾಗಬಹುದು.

ಇಬ್ಬರಿಗೂ ಒಂದೇ ಶಾಲೆಯಲ್ಲಿ ಕೆಲಸ ಸಿಗುವುದು ಅಪರೂಪ. ಹೆಚ್ಚಾಗಿ ಒಬ್ಬರು ಕೆಲಸದ ವೀಸಾದಲ್ಲಿ, ಇನ್ನೊಬ್ಬರು ಅವರ ಅವಲಂಬಿತರಾಗಿ ಹೋಗುತ್ತಾರೆ. ಯು.ಎ.ಇ.ಯಲ್ಲಿ ಸಂಗಾತಿಯನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರಹಂ, ಇಲ್ಲವೇ 3,000 ದಿರಹಂ ಜೊತೆಗೆ ಮನೆ ಇರಬೇಕು. ಕುಟುಂಬ ವೀಸಾದಲ್ಲಿ ಹೋದವರು ಪ್ರತ್ಯೇಕ ಕೆಲಸದ ಪರವಾನಗಿ ಇಲ್ಲದೆ ಪಾಠ ಮಾಡಿದರೆ ಅಪರಾಧ. ನನ್ನ ಸಲಹೆ ಇಷ್ಟೆ: ಮೊದಲು ಕೆಲಸ ಸಿಕ್ಕವರು, ಅದು ಹೆಂಡತಿಯಾದರೂ ಸರಿ, ಮುಂದೆ ಹೋಗಲಿ. ಸಂಬಳ ಎರಡು ಮೂರು ತಿಂಗಳು ಸರಿಯಾಗಿ ಕೈಸೇರಿದ ಮೇಲೆ ಇನ್ನೊಬ್ಬರು ಊರಿನ ಕೆಲಸ ಬಿಡಲಿ. ಹೊಸ ಜೋಡಿಗೆ ಆ ಅಗಲಿಕೆ ಕಷ್ಟವೇ. ಆದರೆ ಇಬ್ಬರೂ ಒಟ್ಟಿಗೆ ಕೆಲಸವಿಲ್ಲದೆ ಪರದೇಶದಲ್ಲಿ ಬಾಡಿಗೆ ಕಟ್ಟುವ ಪಾಡು ಅದಕ್ಕಿಂತ ಕಷ್ಟ.

ಏಜೆಂಟರ ಮೂಲಕ ಹೋಗುವವರು, ಆ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರೇ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬೇಕು. ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ ₹30,000 ಮತ್ತು ಜಿ.ಎಸ್.ಟಿ. ‘ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳಿ’ ಎಂದು ಹೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಸಂಬಳ, ಮನೆ, ವಿಮಾನದ ಟಿಕೆಟ್, ರಜೆಯ ಸಂಬಳ ಇವಿಷ್ಟೂ ಬರೆದಿರುವ ಕರಾರಿನ ಒಂದು ಪ್ರತಿ ಅಪ್ಪ ಅಮ್ಮನ ಬಳಿಯೂ ಇರಲಿ.