ಭಗಂದರ: ಮರೆಮಾಚತಕ್ಕ ವ್ಯಾಧಿಯಲ್ಲ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಮನೆಗಳಲ್ಲಿಯೂ ನಾಚಿಕೆಯಿಂದ ಬಚ್ಚಿಡುವ ವ್ಯಾಧಿಗಳಲ್ಲಿ ಭಗಂದರವೊಂದು. ಗುದದ್ವಾರದ ಪಕ್ಕದಲ್ಲಿ ಕುರುವೆದ್ದು ಒಡೆದು, ಮಾಯದೆ ಕೀವು ಸುರಿಯುತ್ತಿದ್ದರೆ ಅದನ್ನು ಮೂಲವ್ಯಾಧಿಯೆಂದು ಬಗೆದು ಕೂಡಲಾಗದು. ಸುಶ್ರುತನೇ ಇದರಲ್ಲಿ ಐದು ಬಗೆಗಳನ್ನು ಹೇಳಿದ್ದಾನೆ.

ಸರಳ ಭಗಂದರವನ್ನು ಸೀಳಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಕವಲೊಡೆದ, ಇಲ್ಲವೆ ಮಲವನ್ನು ತಡೆಹಿಡಿಯುವ ಸ್ನಾಯುವಿನ ಬಹುಭಾಗವನ್ನು ಹಾದುಹೋದ ಜಟಿಲ ಭಗಂದರವನ್ನು ಹಾಗೆಯೇ ಸೀಳಿದರೆ ಆ ಶಕ್ತಿಯೇ ಕುಂದೀತು. ಆದುದರಿಂದ ಶಸ್ತ್ರವೈದ್ಯರು ಎಂ.ಆರ್.ಐ. ಚಿತ್ರದಿಂದ ನಾಳದ ಹಾದಿಯನ್ನರಿತು, ಹಲವೊಮ್ಮೆ ಮೊದಲು ಸಡಿಲ ದಾರವನ್ನು ಪೋಣಿಸಿ ಕೀವನ್ನು ಬಸಿಯಗೊಡುತ್ತಾರೆ. ಬಳಿಕ ಸ್ನಾಯುವನ್ನು ಕತ್ತರಿಸದೆ ನಾಳವನ್ನು ನಡುವೆಯೇ ಕಟ್ಟುತ್ತಾರೆ, ಇಲ್ಲವೆ ಅದರ ಒಳಬಾಯಿಯನ್ನು ಮುಚ್ಚುತ್ತಾರೆ. ಸ್ನಾಯು ಉಳಿಯುತ್ತದೆ, ಆದರೆ ವ್ಯಾಧಿ ಮರುಕಳಿಸುವುದುಂಟು.

ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನಗಳನ್ನು ಲೇಪಿಸಿದ ಕ್ಷಾರಸೂತ್ರವು ಇನ್ನೊಂದು ಮಾರ್ಗ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 1991ರ ವರದಿಯಂತೆ ಒಂದು ವರ್ಷದಲ್ಲಿ ಮರುಕಳಿಸಿದುದು ಇದರಲ್ಲಿ ಶೇ. 4, ಶಸ್ತ್ರಚಿಕಿತ್ಸೆಯಲ್ಲಿ ಶೇ. 11, ಮಾಯಲು ಹಿಡಿದ ಕಾಲವಾದರೋ ಕ್ರಮವಾಗಿ 8 ಹಾಗೂ 4 ವಾರ.

ಕೋಲಾರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ವೈದ್ಯಕೀಯ ಕಾಲೇಜಿದೆ. ಓದುಗ ಬಂಧುಗಳಲ್ಲಿ ನಾವು ವಿನಂತಿಸುವುದಿಷ್ಟೆ: ‘ಮತ್ತೆ ಬಂದೀತೆ? ಸ್ನಾಯು ಉಳಿದೀತೆ?’ ಎಂಬೆರಡನ್ನೂ ವೈದ್ಯರಲ್ಲಿ ಕೇಳಿರಿ. ಕೀವು ನಿಂತಿತೆಂದು ನಡುವೆಯೇ ಚಿಕಿತ್ಸೆಯನ್ನು ಬಿಡದಿರಿ. ಮನೆಯ ತಾಯಂದಿರು ಸಂಕೋಚದಿಂದ ಸಹಿಸಿಕೊಂಡಿದ್ದರೆ ಮಕ್ಕಳೇ ಮುಂದಾಗಿ ಕರೆದೊಯ್ಯಲಿ.