ಅಘನಾಶಿನಿಯ ಅಳಿವೆಯಲ್ಲಿ ಒಂದು ದಿನ

ನದಿಯ ಸಿಹಿನೀರು ಕಡಲಿನ ಉಪ್ಪುನೀರನ್ನು ಕೂಡುವ ಎಡೆಗೆ ಅಳಿವೆ ಎಂದು ಹೆಸರು. ಅಳಿವೆಯ ಅಂಚಿನ ಜವುಗು ಪೂರ್ಣವಾಗಿ ನೆಲವೂ ಅಲ್ಲ, ನೀರೂ ಅಲ್ಲ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಮೇಲೇಳುವ ಕೆಸರು ಅದು. ಇದನ್ನು ಪಾಳುಭೂಮಿಯೆಂದು ಎಣಿಸುವವರುಂಟು. ಆದರೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿರುವ ಅಘನಾಶಿನಿ ಅಳಿವೆಯಲ್ಲಿ ಒಂದು ದಿನ ಕಳೆದು, ಅಲ್ಲಿಯ ಮನೆಯೊಂದರಲ್ಲಿ ಉಂಡವನಿಗೆ ಆ ಎಣಿಕೆ ಎಷ್ಟು ತಪ್ಪೆಂಬುದು ಮನವರಿಕೆಯಾಗುತ್ತದೆ.

ಅಘನಾಶಿನಿ ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ನದಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಆದ್ದರಿಂದ ಘಟ್ಟದ ಕಾಡಿನ ಫಲವತ್ತಾದ ಮಣ್ಣೂ ಕೊಳೆತ ಎಲೆಯೂ ಮಳೆಗಾಲದಲ್ಲಿ ತಡೆಯಿಲ್ಲದೆ ಇಲ್ಲಿಯವರೆಗೆ ಬಂದು ನಿಲ್ಲುತ್ತವೆ. ಅಳಿವೆಯ ಸಿರಿಗೆ ಇದೇ ಮೂಲ.

ಮಾರ್ಗಶಿರ ಮಾಸದ ಒಂದು ಬೆಳಗು. ಇಳಿತದ ಹೊತ್ತು. ದೋಣಿ ದಡ ಬಿಟ್ಟು ಸಾಗುತ್ತಿದ್ದಂತೆ ಎರಡು ಬದಿಗಳಲ್ಲೂ ಕಾಂಡ್ಲ ಗಿಡಗಳ ಬೇರುಗಳು ಕಾಣಿಸಿಕೊಳ್ಳುತ್ತವೆ. ಕೆಲವು ಗಿಡಗಳ ಬೇರುಗಳು ಕಾಂಡದಿಂದ ಕಮಾನಿನಂತೆ ಬಾಗಿ ಕೆಸರಿಗೆ ಇಳಿದಿವೆ; ಕೆಲವು ಗಿಡಗಳ ಸುತ್ತ ಬೆರಳುಗಳಂತಹ ಬೇರುಗಳು ನೆಲದಿಂದ ಮೇಲಕ್ಕೆ ಚಾಚಿವೆ. ಕೆಸರಿನಲ್ಲಿ ಗಾಳಿ ಆಡದು. ಆದುದರಿಂದ ಈ ಬೇರುಗಳು ಹೊರಗಿನ ಗಾಳಿಯನ್ನು ಹೀರುತ್ತವೆ. ಕೆಲವು ಜಾತಿಗಳಲ್ಲಿ ಬೀಜ ತಾಯಿಗಿಡದ ಮೇಲೆಯೇ ಮೊಳೆತು, ಬಳಿಕ ನೀರಿಗೆ ಬೀಳುತ್ತದೆ. ಉದುರಿದ ಎಲೆಗಳು ಕೊಳೆತು ಸೀಗಡಿ, ಏಡಿ, ಮೀನುಮರಿಗಳಿಗೆ ಆಹಾರವಾಗುತ್ತವೆ; ಬೇರುಗಳ ಹೆಣಿಗೆ ಅವುಗಳಿಗೆ ತೊಟ್ಟಿಲಾಗುತ್ತದೆ.

ನೀರು ಇನ್ನಷ್ಟು ಇಳಿದಾಗ ನದಿಯ ನಡುವೆ ಮರಳುದಿಬ್ಬಗಳು ಎದ್ದು ಕಾಣುತ್ತವೆ. ಆಗ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಮೊಣಕಾಲುದ್ದದ ನೀರಿಗೆ ಇಳಿಯುತ್ತಾರೆ. ಅವರು ಹುಡುಕುವುದು ಬಳಚು ಎಂಬ ಚಿಪ್ಪಿನ ಜೀವಿಯನ್ನು. ಬಳಚು ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಆಹಾರವನ್ನು ತಿಂದು ಬದುಕುತ್ತದೆ. ಬಲೆಯಾಗಲಿ ಬಂಡವಾಳವಾಗಲಿ ಇಲ್ಲದ ಬಡವರಿಗೂ ಇದು ದಿನದ ಗಳಿಕೆ. ಎಳೆಯ ಚಿಪ್ಪುಗಳನ್ನು ಮತ್ತೆ ಕೆಸರಿಗೇ ಬಿಡುವುದು ತಿಳಿದವರ ರೀತಿ. ಅವನ್ನೂ ಬಾಚಿಕೊಂಡರೆ ಮರುವರ್ಷ ಬುಟ್ಟಿ ಬರಿದಾಗುವುದೆಂದು ಅವರು ಬಲ್ಲರು.

ನದಿಯ ದಂಡೆಯ ಆಚೆ ಗಜನಿ ಭೂಮಿಗಳಿವೆ. ಉಪ್ಪುನೀರಿನ ಗದ್ದೆಗಳಿಗೆ ಇಲ್ಲಿಯ ಜನ ಇಟ್ಟ ಹೆಸರು ಗಜನಿ. ಗದ್ದೆಗೂ ಹೊಳೆಗೂ ನಡುವೆ ಒಂದು ಕಟ್ಟೆ. ಕಟ್ಟೆಯಲ್ಲಿ ಮರದ ಹಲಗೆಗಳ ಬಾಗಿಲು. ಮಳೆಗಾಲದಲ್ಲಿ ಉಬ್ಬರ ಬಂದಾಗ ಬಾಗಿಲನ್ನು ಮುಚ್ಚಿ ಉಪ್ಪುನೀರನ್ನು ತಡೆಯುತ್ತಾರೆ. ಇಳಿತದಲ್ಲಿ ತೆರೆದು ಗದ್ದೆಯಲ್ಲಿ ಹೆಚ್ಚಾದ ನೀರನ್ನು ಹೊರಬಿಡುತ್ತಾರೆ. ಹೀಗೆ ಮಳೆಯ ನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಎರಚುತ್ತಾರೆ. ಕಗ್ಗ ಉಪ್ಪನ್ನು ತಾಳುತ್ತದೆ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದು. ಅದಕ್ಕೆ ರಸಗೊಬ್ಬರವೂ ಬೇಡ, ಔಷಧವೂ ಬೇಡ. ಕೊಯ್ಲು ಮುಗಿದ ಮೇಲೆ ಬಾಗಿಲು ತೆರೆದು ಹೊಳೆಯ ನೀರನ್ನು ಒಳಗೆ ಬಿಡುತ್ತಾರೆ. ನೀರಿನೊಡನೆ ಬಂದ ಮೀನು, ಸೀಗಡಿಗಳಿಗೆ ಭತ್ತದ ಕೂಳೆ ಕೊಳೆತು ಆಹಾರವಾಗುತ್ತದೆ. ಒಂದೇ ಗದ್ದೆ ಆರು ತಿಂಗಳು ಅನ್ನವನ್ನೂ ಆರು ತಿಂಗಳು ಮೀನನ್ನೂ ಕೊಡುತ್ತದೆ.

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಉಬ್ಬರದ ನೀರು ಏರಿ ಬೆಳಗಿನ ದಿಬ್ಬಗಳನ್ನು ಮುಚ್ಚಿರುತ್ತದೆ. ಬಾಳೆಯೆಲೆಯ ಮೇಲೆ ಕಗ್ಗದ ಕೆಂಪು ಅನ್ನ. ತೆಂಗಿನಕಾಯಿ, ಮೆಣಸು ಅರೆದು ಹಾಕಿದ ಬಳಚಿನ ಪಲ್ಯ. ಹುರಿದ ನೊಗಲಿ ಮೀನು. ಕೊನೆಗೆ ಮುರುಗಲು ಹಣ್ಣಿನ ಹುಳಿ ಸಾರು. ಅಡುಗೆಗೆ ಬಿದ್ದ ಉಪ್ಪು ಕೂಡ ಗೋಕರ್ಣದ ದಾರಿಯ ಸಾಣಿಕಟ್ಟಾ ಆಗರದಲ್ಲಿ ಇದೇ ನೀರು ಬಿಸಿಲಿಗೆ ಆರಿ ಆದದ್ದು. ಕಗ್ಗದ ಅನ್ನ ಮಲ್ಲಿಗೆಯಂತೆ ಮೃದುವಲ್ಲ. ಅದನ್ನು ಅಗಿದು ಉಣ್ಣಬೇಕು. ಆದರೆ ದುಡಿದವನ ಹೊಟ್ಟೆಯಲ್ಲಿ ಅದು ಸಂಜೆಯವರೆಗೆ ನಿಲ್ಲುತ್ತದೆ. ಎಲೆಯ ಮೇಲಿನ ಬಹುಪಾಲು ಪದಾರ್ಥ ಅಳಿವೆಯದೇ.

ಈ ಎಲೆಯಿಂದ ಕಗ್ಗ ಈಗ ಮರೆಯಾಗುತ್ತಿದೆ. ಹಿಂದೆ ಮಣ್ಣಿನ ಕಟ್ಟೆಗಳನ್ನು ವರ್ಷವರ್ಷವೂ ಊರವರೆಲ್ಲ ಕೂಡಿ ದುರಸ್ತಿ ಮಾಡುತ್ತಿದ್ದರು. ಮುಂದೆ ಕಲ್ಲಿನ ಕಟ್ಟೆಗಳು ಬಂದವು. ಕಟ್ಟೆ ಗಟ್ಟಿಯಾಯಿತು, ಕೂಡಿ ದುಡಿಯುವ ಕಟ್ಟು ಸಡಿಲವಾಯಿತು. ಸೀಗಡಿಗೆ ಹೆಚ್ಚು ಹಣ ಬರತೊಡಗಿದಾಗ ಅನೇಕ ಗಜನಿಗಳಲ್ಲಿ ಭತ್ತದ ಬೇಸಾಯ ನಿಂತಿತು. ಕಟ್ಟೆ ಒಡೆದರೆ ಗದ್ದೆ ಹೊಳೆಯಾಗುತ್ತದೆ. ಬಿತ್ತದ ಬೀಜ ಉಳಿಯುವುದಿಲ್ಲ. ಕಗ್ಗದ ತಳಿ ಒಮ್ಮೆ ಅಳಿದರೆ ಅದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಆದರೂ ಮಾಣಿಕಟ್ಟಾದಂತಹ ಊರುಗಳ ರೈತರು ಅದನ್ನು ಬಿಡದೆ ಬೆಳೆದು ಬೀಜವನ್ನು ಕಾಪಾಡಿಕೊಂಡು ಬಂದಿದ್ದಾರೆ. 2024ರಲ್ಲಿ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಪಟ್ಟಿಯ ಗೌರವ ದೊಡ್ಡದು. ಆದರೆ ಕಟ್ಟೆಗೆ ಮಣ್ಣು ಹಾಕುವ ಕೈಗಳು ಊರಿನವೇ ಆಗಬೇಕು.

ಸಂಜೆ ನೀರು ಮತ್ತೆ ಇಳಿಯತೊಡಗುತ್ತದೆ. ಗಜನಿಯ ಬಾಗಿಲಿಗೆ ಬಲೆ ಕಟ್ಟಿ ಮೀನುಗಾರನು ಕಾಯುತ್ತಾನೆ. ಕೂಳೆಯ ನಡುವೆ ಕೊಕ್ಕರೆಗಳು ಒಂಟಿಕಾಲಿನಲ್ಲಿ ನಿಂತಿರುತ್ತವೆ. ಸಿಹಿ ಹೆಚ್ಚಾದರೆ ಬಳಚು ಸಾಯುತ್ತದೆ, ಉಪ್ಪು ಹೆಚ್ಚಾದರೆ ಭತ್ತ ಒಣಗುತ್ತದೆ. ಇವೆರಡರ ನಡುವಣ ಹದವನ್ನು ಅರಿತು ಬಾಳಿದವರು ಅಳಿವೆಯ ಜನ. ಹದ ಉಳಿದಷ್ಟು ಕಾಲ ಅವರ ಎಲೆಯಲ್ಲಿ ಅನ್ನವೂ ಉಳಿದೀತು.